ಅಪ್‌ಡೇಟ್: ದೇವಿಮನೆ ಘಟ್ಟದಲ್ಲಿ ಮೆತ್ತಗಾಗುತ್ತಿದ್ದ ಬ್ರೇಕ್

ಶಿರಸಿಯಿಂದ ಕುಮಟಾಕ್ಕೆ ದೇವಿಮನೆ ಘಟ್ಟ ಇಳಿಯುವಾಗ ನನ್ನ ಬೈಕಿನ ಮುಂದಿನ ಬ್ರೇಕ್ ಲಿವರ್ ಮೆತ್ತಗಾಗುತ್ತದೆಯೆಂದು ಹತ್ತು ದಿನಗಳ ಹಿಂದೆ ಕೇಳಿದ್ದೆ. ಹೊಸ ಪ್ಯಾಡ್ ಹಾಕಿಸಿದ್ದರಿಂದ ಪ್ರಯೋಜನವಾಗಲಿಲ್ಲ. ಬ್ರೇಕ್ ಆಯಿಲ್ ಬದಲಿಸಿ ಎಂದವರ ಸಲಹೆಯೇ ಸರಿಯಾಗಿತ್ತು: ಗ್ಯಾರೇಜಿನಲ್ಲಿ ಹಳೆಯ ಆಯಿಲ್ ಹೊರಬಿಡುವ ನಿಪ್ಪಲ್ ಸಡಿಲಿಸಿದಾಗ ಕಷಾಯದಂಥ ಕಪ್ಪು ದ್ರವ ಹೊರಬಂತು. ಹೊಸ ಡಾಟ್ 4 ದರ್ಜೆಯ ಬ್ರೇಕ್ ಆಯಿಲ್ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದೆಂಬ ಮಾನದಂಡವಿದ್ದರೂ, ತೇವ ಹೀರಿದ ಮೇಲೆ ಆ ಮಿತಿ 155ಕ್ಕೆ ಇಳಿಯುತ್ತದೆ. ಬ್ರೇಕಿನ ಬಿಸಿಗೆ ಆಯಿಲ್ ಕುದಿದಾಗ ಏಳುವ ಆವಿಯ ಗುಳ್ಳೆಗಳು ನಾವು ಒತ್ತಿದ ಒತ್ತಡವನ್ನೆಲ್ಲ ನುಂಗಿಬಿಡುತ್ತವೆ.

ಅಚ್ಚರಿಯೆನಿಸಿದ್ದು ರೇಸ್ ಟ್ರ್ಯಾಕ್‌ಗಳ ವಿಚಾರ. ಇಟಲಿಯ ಮೋಂಜಾದಲ್ಲಿ ಫಾರ್ಮುಲಾ 1 ಕಾರುಗಳು 300 ಕಿ.ಮೀ. ಮೀರಿದ ವೇಗದಿಂದ ಒಮ್ಮೆಲೇ ಬ್ರೇಕ್ ಹಿಡಿದರೂ ಮುಂದಿನ ನೇರ ಹಾದಿಯಲ್ಲಿ ಡಿಸ್ಕ್ ತಣಿಯುತ್ತದೆ. ವೇಗ ಕಡಿಮೆಯಿರುವ ಮೊನಾಕೊದಲ್ಲಿ ತಿರುವುಗಳು ಒತ್ತೊತ್ತಾಗಿರುವುದರಿಂದ ತಣಿಯಲು ಬಿಡುವೇ ಸಿಗದು. ನಮ್ಮ ಘಟ್ಟವೂ ಹಾಗೆಯೇ. ಎಂಜಿನ್ನೇ ವೇಗ ತಡೆದು ಬ್ರೇಕಿನ ಹೊರೆ ತಗ್ಗಲೆಂದು ನಿನ್ನೆ ಎರಡನೇ ಗೇರಿನಲ್ಲೇ ಇಳಿದೆ. ಲಿವರ್ ಕೊನೆಯವರೆಗೂ ಗಟ್ಟಿಯಾಗಿತ್ತು.