ಆ್ಯಪ್ ನೋಡಿ ಹೊರಡಬೇಕಾ, ಕಣ್ಣಿಗೆ ಬಿದ್ದದ್ದನ್ನು ತೆಗೆಯಬೇಕಾ?

ಬೆಳಕುಗಾರ:
ಲ್ಯಾಂಡ್‌ಸ್ಕೇಪ್ ಫೋಟೋ ಅಂದರೆ ಈಗ ಪೂರ್ತಿ ಲೆಕ್ಕಾಚಾರ ಆಗಿಬಿಟ್ಟಿದೆ. ಫೋಟೋಪಿಲ್ಸ್ ಅನ್ನೋ ಆ್ಯಪ್ ತೆರೆದು ಸೂರ್ಯ ಯಾವ ನಿಮಿಷಕ್ಕೆ ಯಾವ ಬೆಟ್ಟದ ಹಿಂದೆ ಇಳಿಯುತ್ತಾನೆ ಅಂತ ನೋಡಿಕೊಂಡು, ಇನ್ಯಾರೋ ಟ್ರೈಪಾಡ್ ಊರಿದ್ದ ಜಾಗದಲ್ಲೇ ನಾವೂ ಊರಿ, ಅದೇ ಫೋಟೋ ತಂದು ಹಾಕುತ್ತೇವೆ. ಬೆನ್ನ ಹಿಂದೆ ಮೋಡ ಸರಿದು ಬೆಳಕು ಸುರಿಯುತ್ತಿದ್ದರೂ ತಿರುಗಿ ನೋಡುವವರಿಲ್ಲ. ಪ್ಲ್ಯಾನ್ ಬಿಟ್ಟು ಸುಮ್ನೆ ನಡೆಯಬೇಕು, ಕಂಡದ್ದನ್ನು ತೆಗೆಯಬೇಕು. ಏನಂತೀರಿ?

ಮೂರುಕಾಲು:
ನಾನು ಒಪ್ಪುವುದಿಲ್ಲ. ಸುಮ್ನೆ ನಡೆದರೆ ಸಿಗುವುದು ನಡುಮಧ್ಯಾಹ್ನದ ಸಪ್ಪೆ ಬೆಳಕು. ಹುಣ್ಣಿಮೆ ಚಂದ್ರ ಸರಿಯಾಗಿ ಒಂದು ಶಿಖರದ ತುದಿಗೆ ಬರಬೇಕು ಅಂದರೆ ಲೆಕ್ಕ ಬೇಕೇ ಬೇಕು. ಚಂದ್ರ ತನ್ನ ಅಗಲದಷ್ಟು ಸರಿಯೋಕೆ ಎರಡು ನಿಮಿಷ ಸಾಕು. ಅಷ್ಟರಲ್ಲಿ ಜಾಗ ಹುಡುಕಿಕೊಂಡು ಓಡುತ್ತೀರಾ? ಅದೃಷ್ಟವನ್ನು ಶೈಲಿ ಅಂತ ಕರೆಯಬೇಡಿ.

ಕಾಡುಹಾದಿ:
ಮೂರುಕಾಲು ಅವರೇ, ಚಂದ್ರನ ಮಾತು ಬಂತಲ್ಲ, ಹಾಗಾದರೆ ಅಮೆರಿಕದ ಫೋಟೋಗ್ರಾಫರ್ ಆನ್ಸೆಲ್ ಆಡಮ್ಸ್ ತೆಗೆದ ಆ ಚಂದ್ರೋದಯದ ಫೋಟೋವನ್ನೇ ನೋಡೋಣ. 1941ರಲ್ಲಿ ನ್ಯೂ ಮೆಕ್ಸಿಕೋದ ಹೆರ್ನಾಂಡೆಜ್ ಅನ್ನೋ ಹಳ್ಳಿಯ ಹತ್ತಿರ ತೆಗೆದದ್ದು. ಅಲ್ಲಿ ನಿಲ್ಲಬೇಕು ಅಂತ ಅವರು ಹೊರಟಿರಲಿಲ್ಲ, ಕಾರಲ್ಲಿ ವಾಪಸ್ ಹೋಗುತ್ತಿದ್ದರು. ಸ್ಮಶಾನದ ಬಿಳಿ ಶಿಲುಬೆಗಳ ಮೇಲೆ ಕೊನೇ ಬಿಸಿಲು ಬಿದ್ದಿದೆ, ಮೇಲೆ ಚಂದ್ರ. ಗಾಡಿ ನಿಲ್ಲಿಸಿ 8x10 ಇಂಚಿನ ದೊಡ್ಡ ಕ್ಯಾಮೆರಾ ಜೋಡಿಸಿದರು, ನೋಡಿದರೆ ಬೆಳಕು ಅಳೆಯೋ ಲೈಟ್ ಮೀಟರ್ ಸಿಗುತ್ತಿಲ್ಲ! ಚಂದ್ರನ ಹೊಳಪು ಚದರ ಅಡಿಗೆ 250 ಕ್ಯಾಂಡಲ್ ಅನ್ನೋದು ತಲೆಯಲ್ಲಿತ್ತು, ಅದರ ಮೇಲೆಯೇ ಎಕ್ಸ್‌ಪೋಶರ್, ಅಂದರೆ ಫಿಲ್ಮಿಗೆ ಎಷ್ಟು ಬೆಳಕು ಬಿಡಬೇಕು ಅನ್ನೋ ಲೆಕ್ಕ ಹಾಕಿ ಒಂದು ತೆಗೆದರು. ಎರಡನೆಯದಕ್ಕೆ ಫಿಲ್ಮ್ ಹೋಲ್ಡರ್ ತಿರುಗಿಸುವಷ್ಟರಲ್ಲಿ ಶಿಲುಬೆಗಳ ಮೇಲಿನ ಬೆಳಕು ಹೋಗಿತ್ತು. ಈ ಫೋಟೋ ಯಾವ ಪ್ಲ್ಯಾನಿನಲ್ಲಿತ್ತು ಹೇಳಿ?

ಮೂರುಕಾಲು:
ನೀವು ನನ್ನ ಪರವಾಗಿಯೇ ವಾದ ಮಾಡಿದಿರಿ 😄 ಆ 250 ತಲೆಯಲ್ಲಿ ಇರದಿದ್ದರೆ ಫೋಟೋ ಎಲ್ಲಿಂದ ಬರುತ್ತಿತ್ತು? ಅದೂ ಅಲ್ಲದೆ ನೆಗೆಟಿವ್ ಪ್ರಿಂಟ್ ಮಾಡೋಕೆ ತುಂಬಾ ಕಷ್ಟದ್ದಾಗಿತ್ತು. ನೆಗೆಟಿವ್‌ನ ಕೆಳಭಾಗವನ್ನು 1948ರಲ್ಲಿ ರಾಸಾಯನಿಕ ಹಾಕಿ ಇನ್ನಷ್ಟು ಗಾಢ ಮಾಡಿಕೊಂಡರು. ವರ್ಷಗಳು ಕಳೆದಂತೆ ಆಕಾಶವನ್ನು ಇನ್ನೂ ಕಪ್ಪಾಗಿ ಪ್ರಿಂಟ್ ಮಾಡುತ್ತಾ ಬಂದರು. ದಿಢೀರ್ ಅಂತ ಆಗಿದ್ದು ಕ್ಲಿಕ್ ಮಾತ್ರ.

ಬೆಳಕುಗಾರ:
ಕೈ ಪಳಗಿರಬೇಕು, ಅದಕ್ಕೆ ನನ್ನದೇನೂ ತಕರಾರಿಲ್ಲ. ಯಾವ ಫೋಟೋ ಬೇಕು ಅಂತ ಮನೆಯಲ್ಲೇ ತೀರ್ಮಾನ ಮಾಡಿಕೊಂಡು ಹೋಗ್ತೀವಲ್ಲ, ತಕರಾರು ಅದರ ಬಗ್ಗೆ. ಕೆಂಪು ಮೋಡ ಬೇಕು ಅಂತ ಹೋದವನಿಗೆ ಮಂಜು ಸಿಕ್ಕರೆ ಮುಖ ಸಣ್ಣದು ಮಾಡಿಕೊಂಡು ಕ್ಯಾಮೆರಾ ಒಳಗಿಡುತ್ತಾನೆ. ಆ ಮಂಜು ಅದಕ್ಕಿಂತ ಚೆನ್ನಾಗಿತ್ತೇನೋ! ನೋಡಲೇ ಇಲ್ಲವಲ್ಲ.

ಹಕ್ಕಿನೋಟ:
ಹಕ್ಕಿ ತೆಗೆಯೋ ನಮಗೆ ಈ ಜಗಳ ನೋಡಿ ನಗು ಬರುತ್ತೆ. ಹಕ್ಕಿ ಅಪಾಯಿಂಟ್‌ಮೆಂಟ್ ಕೊಡಲ್ಲ. ಅಪರ್ಚರ್ ಮೋಡ್ (ಲೆನ್ಸ್ ಎಷ್ಟು ತೆರೆಯಬೇಕು ಅಂತ ನಾವೇ ಇಡೋದು), ಎಫ್/8, ಆಟೋ ಐಎಸ್ಒ (ಬೆಳಕಿನ ಸೂಕ್ಷ್ಮತೆಯನ್ನು ಕ್ಯಾಮೆರಾನೇ ನೋಡಿಕೊಳ್ಳೋದು), ಶಟರ್ ವೇಗ ಇಷ್ಟಕ್ಕಿಂತ ಕೆಳಗೆ ಇಳಿಯಬಾರದು ಅಂತ ಒಂದು ಮಿತಿ. ನಡೆಯುವಾಗ ಇಷ್ಟು ಸೆಟ್ ಆಗಿರಲಿ, ಹಾರೋ ಹಕ್ಕಿ ಕಂಡರೆ ಮಾತ್ರ ಶಟರ್ 1/2000 ಸೆಕೆಂಡಿಗೆ ಏರಿಸಿ. ಕ್ಯಾಮೆರಾ ಬ್ಯಾಗಿನೊಳಗೆ ಮಲಗಿದ್ದರೆ ಯಾವ ಸಿದ್ಧಾಂತವೂ ಕೆಲಸಕ್ಕೆ ಬರಲ್ಲ.

ಹೊಸಚಿಗುರು:
ನನ್ನದೊಂದು ಡೌಟ್. ಕಂಡದ್ದನ್ನೆಲ್ಲಾ ತೆಗೆದರೆ ಕಾರ್ಡ್ ತುಂಬುತ್ತೆ ಅಷ್ಟೇ, ಮನೆಗೆ ಬಂದು ನೋಡಿದರೆ ಒಂದೂ ಹಿಡಿಸಲ್ಲ. ಇದಕ್ಕೇನು ಮಾಡೋದು?

ಕಾಡುಹಾದಿ:
ಚಿಗುರು ಅವರೇ, ಕಂಡ ಕೂಡಲೇ ಒಂದು ತೆಗೆದಿಟ್ಟುಕೊಳ್ಳಿ, ಆಮೇಲೆ ಒಂದು ಕ್ಷಣ ನಿಂತು ಕಣ್ಣು ಎಳೆದದ್ದು ಏನು ಅಂತ ಕೇಳಿಕೊಳ್ಳಿ. ಬೆಳಕಾ, ಆಕಾರಾ, ಬಣ್ಣಾನಾ? ಉತ್ತರ ಸಿಕ್ಕರೆ ಎಲ್ಲಿ ನಿಲ್ಲಬೇಕು ಅನ್ನೋದು ಗೊತ್ತಾಗುತ್ತೆ. ಫೋಟೋಗ್ರಾಫರ್ ಗೇಲನ್ ರೋವೆಲ್ 1981ರಲ್ಲಿ ಟಿಬೆಟ್‌ನ ಲ್ಹಾಸಾದಲ್ಲಿ ಮಾಡಿದ್ದು ಇದನ್ನೇ. ಕಾಮನಬಿಲ್ಲು ಕಂಡಿತು, ಆದರೆ ಅದರ ಬುಡ ಬೇರೆ ಕಡೆ ಇತ್ತು. ಕಾಮನಬಿಲ್ಲು ಒಂದು ಜಾಗದಲ್ಲಿ ನೆಟ್ಟ ವಸ್ತು ಅಲ್ಲ. ಸೂರ್ಯನಿಗೆ ನೇರ ಎದುರಿನ ಬಿಂದುವಿನಿಂದ ಸುಮಾರು 42 ಡಿಗ್ರಿ ದೂರದಲ್ಲಿ ಕಾಣುತ್ತೆ, ನಾವು ಸರಿದರೆ ಅದೂ ಸರಿಯುತ್ತೆ. ಇದು ಗೊತ್ತಿದ್ದ ಮನುಷ್ಯ 3,600 ಮೀಟರ್‌ಗೂ ಎತ್ತರದ ಊರಲ್ಲಿ, ಅಷ್ಟು ತೆಳು ಗಾಳಿಯಲ್ಲಿ, ಬಿಲ್ಲಿನ ತುದಿ ಪೊಟಾಲಾ ಅರಮನೆ ಮೇಲೆ ಬೀಳುವ ತನಕ ಓಡಿದ. ಟ್ರೈಪಾಡ್ ಹೊತ್ತುಕೊಂಡು ಓಡೋಕಾಗುತ್ತಾ ಅಂತ ಯಾರನ್ನೂ ಕೇಳುತ್ತಿಲ್ಲ ಬಿಡಿ.

ಮೂರುಕಾಲು:
ಕೇಳಿಯಾಯಿತಲ್ಲ! ಜಲಪಾತ ಹಾಲಿನ ಹಾಗೆ ಇಳಿಯಬೇಕು ಅಂದರೆ ಅರ್ಧ ಸೆಕೆಂಡಾದರೂ ಶಟರ್ ತೆರೆದಿರಬೇಕು. ಈಗಿನ ಕ್ಯಾಮೆರಾಗಳಲ್ಲಿ ಕೈ ನಡುಕ ಸರಿದೂಗಿಸೋ ಸ್ಟೆಬಿಲೈಸೇಶನ್ ಚೆನ್ನಾಗಿದೆ, ಒಪ್ಪುತ್ತೇನೆ, ಆದರೂ ರಾತ್ರಿ ಆಕಾಶವನ್ನು 20 ಸೆಕೆಂಡ್ ಕೈಯಲ್ಲಿ ಹಿಡಿಯೋ ಶೂರ ಇದ್ದರೆ ತೋರಿಸಿ.

ಹಕ್ಕಿನೋಟ:
ಅದಿರಲಿ, ಬೆಳಕು ಕಂಡಿತು ಅಂತ ದಾರಿ ಬಿಟ್ಟು ನುಗ್ಗುವವರ ಬಗ್ಗೆ ಯಾರೂ ಮಾತಾಡಲಿಲ್ಲ. ನೆಲದ ಮೇಲೆ ಗೂಡು ಕಟ್ಟೋ ಹಕ್ಕಿಗಳ ಮೊಟ್ಟೆ ಮಣ್ಣು ಕಲ್ಲಿನ ಬಣ್ಣದಲ್ಲೇ ಇರುತ್ತೆ, ತುಳಿದರೂ ಗೊತ್ತಾಗಲ್ಲ. ತಾಯಿ ಹಕ್ಕಿ ಎದ್ದು ಹೋದರೆ ಮೊಟ್ಟೆ ಬಿಸಿಲಿಗೋ ಚಳಿಗೋ ಕೆಡುತ್ತೆ.

ಬೆಳಕುಗಾರ:
ನಿಜ, ಗೂಡು ಕಟ್ಟೋ ಕಾಲದಲ್ಲಿ ದಾರಿ ಬಿಡಬಾರದು. ಅಲ್ಲಿ ಝೂಮ್ ಲೆನ್ಸ್ ಹಾಕಿಕೊಂಡು ನಿಂತಲ್ಲಿಂದಲೇ ತೆಗೆಯಬೇಕು. ಮೂರುಕಾಲು ಅವರೇ, ಚಂದ್ರನಿಗೆ ನಿಮ್ಮ ಆ್ಯಪ್ ಇರಲಿ. ಮೋಡ ಎಲ್ಲಿ ಬಿರಿಯುತ್ತೆ ಅಂತ ಹೇಳೋ ಆ್ಯಪ್ ಇದ್ದರೆ ಮಾತ್ರ ಲಿಂಕ್ ಕಳಿಸಿ.