ಮಿರ್ಮಿಡನ್: ಇರುವೆಯೋ, ಬಂಟನೋ, ಯಮಭಟನೋ?

ಪ್ರಶ್ನೆ:
ಹಳೆಯ ಇಂಗ್ಲಿಷ್ ಕಾದಂಬರಿಯೊಂದರ ಅನುವಾದದಲ್ಲಿ, ಜಪ್ತಿಗೆ ಬಂದ ಅಮೀನರನ್ನೂ ಪೊಲೀಸರನ್ನೂ 'ಕಾನೂನಿನ ಮಿರ್ಮಿಡನ್‌ಗಳು' ಎಂದು ಹಂಗಿಸುವ ಮಾತಿದೆ. ಗ್ರೀಕ್ ಪುರಾಣದಲ್ಲಿ ಇವರು ಇರುವೆಗಳಿಂದ ಹುಟ್ಟಿದ, ಅಕಿಲೀಸನ ಕೈಕೆಳಗಿನ ಯೋಧರು. ಹಾಗಾದರೆ 'ಇರುವೆಪಡೆ' ಎನ್ನಬಹುದೆ? ಹೆಸರನ್ನೇ ಉಳಿಸಿಕೊಂಡರೆ ಮಿರ್ಮಿಡನ್ ಸರಿಯೋ, ಮಿರ್ಮಿಡಾನ್ ಸರಿಯೋ?

ಉತ್ತರ:
ಇರುವೆಪಡೆ ಬೇಡ. ಇಂಗ್ಲಿಷಿನಲ್ಲಿ ಮಿರ್ಮಿಡನ್ ಎಂದರೆ ಹೇಳಿದ್ದನ್ನು ಎದುರಾಡದೆ ಮಾಡುವ ಆಳು. ಓದುಗರಿಗೆ ಅದು ಸಾಲುಗಟ್ಟಿದ ಜನಜಂಗುಳಿಯಂತೆ ಕೇಳಿಸುತ್ತದೆ, ಹಂಗಿಸುವ ಧ್ವನಿ ಹಾರಿಹೋಗುತ್ತದೆ.

ಟ್ರಾಯ್ ಯುದ್ಧದ ಕಥೆ ಹೇಳುವ ಹೋಮರನ ಗ್ರೀಕ್ ಮಹಾಕಾವ್ಯ ಇಲಿಯಡ್‌ನಲ್ಲೂ ಇರುವೆಯ ಸುಳಿವಿಲ್ಲ. 16ನೆಯ ಪರ್ವದಲ್ಲಿ ಅಕಿಲೀಸ್ ಇವರನ್ನು ಅಣಿಗೊಳಿಸುತ್ತಾನೆ: 50 ಹಡಗು, ಹಡಗಿಗೆ 50 ಆಳು, ಒಟ್ಟು 2500 ಜನ, ಐವರು ದಳಪತಿಗಳು. ಅಲ್ಲಿ ಹೋಮರ್ ಕೊಡುವ ಹೋಲಿಕೆ ಮೊದಲು ತೋಳಗಳದು, ಜಿಂಕೆಯನ್ನು ಹರಿದು ತಿಂದು ರಕ್ತ ಮೆತ್ತಿದ ಮೂತಿಯಲ್ಲಿ ಚಿಲುಮೆಗೆ ನುಗ್ಗುವ ಹಿಂಡು. ಆಮೇಲೆ ಕಣಜಗಳದು, ದಾರಿಬದಿಯ ಗೂಡನ್ನು ಹುಡುಗರು ಕೆಣಕಿದಾಗ ಮೇಲೇಳುವಂಥವು. ಇರುವೆಯ ಕಥೆ ಗ್ರೀಸಿನ ಏಜಿನಾ ದ್ವೀಪದ್ದು. ರೋಮನ್ ಕವಿ ಓವಿಡ್ ಹೇಳುವಂತೆ ಮಾರಿಬೇನೆಯಲ್ಲಿ ಪ್ರಜೆಗಳೆಲ್ಲ ಸತ್ತಾಗ ಅರಸ ಈಯಕಸ್ ಓಕ್ ಮರದ ಮೇಲೆ ಕಾಳು ಹೊತ್ತು ಸಾಗುವ ಇರುವೆಗಳನ್ನು ಕಂಡು, ಅಷ್ಟೇ ಜನರನ್ನು ಕೊಡೆಂದು ದೇವರಲ್ಲಿ ಬೇಡಿದ. ಬೆಳಗಾಗುವಷ್ಟರಲ್ಲಿ ಅವು ಮನುಷ್ಯರಾಗಿದ್ದವು. ಗ್ರೀಕ್ ಭೂಗೋಳಕಾರ ಸ್ಟ್ರಾಬೋನ ವಿವರಣೆಯಲ್ಲಿ ಪವಾಡವಿಲ್ಲ: ಕಲ್ಲುನೆಲದ ಆ ದ್ವೀಪದವರು ಇರುವೆಗಳಂತೆ ಮಣ್ಣು ತೋಡಿ ಬಂಡೆಗಳ ಮೇಲೆ ಹರಡಿ ಬೇಸಾಯ ಮಾಡುತ್ತಿದ್ದರು, ಇಟ್ಟಿಗೆ ಉಳಿಸಲು ತೋಡಿದ ಕುಳಿಗಳಲ್ಲೇ ಇರುತ್ತಿದ್ದರು, ಅದಕ್ಕೇ ಆ ಹೆಸರು. ಈಯಕಸ್‌ನ ಮಗ ಪೀಲಿಯಸ್ ಮಲಸೋದರನ ಕೊಲೆಯಿಂದಾಗಿ ದೇಶಬಿಟ್ಟು ಗ್ರೀಸಿನ ಥೆಸಲಿ ಪ್ರಾಂತದ ಫ್ತಿಯಾಕ್ಕೆ ಹೋದ. ಅಕಿಲೀಸ್ ಅವನ ಮಗ. ದ್ವೀಪದ ಕಥೆಗೂ ಥೆಸಲಿಯ ಸೈನ್ಯಕ್ಕೂ ಇದೇ ಕೊಂಡಿ.

ಬರವಣಿಗೆ: ಗ್ರೀಕಿನ ಏಕವಚನದಲ್ಲಿ ಕೊನೆಯ ಸ್ವರ ದೀರ್ಘ ಓ, ವ್ಯಂಜನ ನಮ್ಮ ದಕಾರ. ಮೊದಲ ಸ್ವರ ತುಟಿ ಉಕಾರಕ್ಕೂ ನಾಲಿಗೆ ಇಕಾರಕ್ಕೂ ಹೊರಳಿದಂಥದು, ಅದಕ್ಕೆ ಕನ್ನಡದಲ್ಲಿ ಅಕ್ಷರವಿಲ್ಲ. ಇಂಗ್ಲಿಷಿನವರ ಬಾಯಲ್ಲಿ ಅದು 'ಮರ್ಮಿಡನ್'. ಹಾಗೆ ಬರೆದರೆ ಓದುಗರು ಮರ್ಮ ಹುಡುಕುತ್ತಾರೆ. 'ಮಿರ್ಮಿಡನ್' ಇರಲಿ. ಬಹುವಚನ ರೋಮನ್ನರು, ಜರ್ಮನ್ನರು ಇದ್ದಂತೆ 'ಮಿರ್ಮಿಡನ್ನರು'. 'ಮಿರ್ಮಿಡನ್ಸ್‌ಗಳು' ಎಂದರೆ ಬಹುವಚನದ ಮೇಲೊಂದು ಬಹುವಚನ.

ನಿಮ್ಮ ಸಾಲಿಗೆ: 'ಬಂಟ' ಸಲ್ಲದು. ಹನುಮಂತ ರಾಮನ ಬಂಟ, ಅದು ಹೊಗಳಿಕೆ. ಕರಾವಳಿಯಲ್ಲಿ ಸಮುದಾಯದ ಹೆಸರೂ ಹೌದು. 'ಚೇಲಾ' ಪುಢಾರಿಯ ಹಿಂದೆ ತಿರುಗುವವನು, ಅವನ ಕೈಯಲ್ಲಿ ವಾರಂಟ್ ಇರುವುದಿಲ್ಲ. 'ಕೈಯಾಳು' ಅರ್ಥಕ್ಕೆ ಹತ್ತಿರ, ಆದರೆ ಸಪ್ಪೆ. 'ಕಾನೂನಿನ ಯಮಭಟರು' ಎಂದರೆ ಪುರಾಣದ ಮೆರುಗೂ ಕುಹಕವೂ ಒಟ್ಟಿಗೆ ಬರುತ್ತವೆ.

ಇನ್ನೊಂದು ಉತ್ತರ:
ಯಮಭಟರಿಗೆ ನನ್ನದೂ ಒಪ್ಪಿಗೆ. ಎರಡು ಮಾತು ಸೇರಿಸಬೇಕು.

ಇರುವೆಗೆ ಗ್ರೀಕಿನಲ್ಲಿ ಮುರ್ಮೆಕ್ಸ್. ಅದು ಸಂಸ್ಕೃತದ ವಮ್ರೀ, ವಲ್ಮೀಕಗಳ ಮತ್ತು ಲ್ಯಾಟಿನ್ನಿನ ಫಾರ್ಮಿಕದ ನಂಟ. ವಾಲ್ಮೀಕಿಯ ಹುತ್ತ ಗೆದ್ದಲಿನದು, ಇರುವೆಯದಲ್ಲ, ಆದರೆ ಪದದ ಕುಲ ಒಂದೇ. ರಬ್ಬರ್ ಹಾಲು ಗಟ್ಟಿಯಾಗಲು ಹಾಕುವ ಫಾರ್ಮಿಕ್ ಆಮ್ಲವೂ ಇದೇ ಬಳಗ. ಆದರೆ ಮಿರ್ಮಿಡನ್ ಎಂಬ ಕುಲನಾಮ ಮುರ್ಮೆಕ್ಸ್‌ನಿಂದಲೇ ಬಂತೆನ್ನಲು ಧ್ವನಿಸಾಮ್ಯವೊಂದೇ ಸಾಲದು. ಹೆಸರು ಮೊದಲಿದ್ದು ಕಥೆ ಆಮೇಲೆ ಕಟ್ಟಿಕೊಂಡಂತೆಯೇ ಕಾಣುತ್ತದೆ.

ಮುಂದೆ ಇಲಿಯಡ್ ಪ್ರಸಂಗಗಳನ್ನೇನಾದರೂ ಕನ್ನಡಿಸಿದರೆ 'ಲೆಂಕ' ಎಂಬ ಹಳೆಯ ಪದ ಸೆಳೆಯಬಹುದು. ಬಳಸಬೇಡಿ. ಲೆಂಕ ಒಡೆಯನೊಡನೆ ಸಾಯಲು ಶಪಥ ತೊಟ್ಟವನು. ಮಿರ್ಮಿಡನ್ನರಾದರೋ ತಮ್ಮನ್ನು ಯುದ್ಧದಿಂದ ದೂರವಿರಿಸಿದ ಅಕಿಲೀಸನ ಮೇಲೆ ಗುಂಪುಗೂಡಿ ಗೊಣಗಿದವರು: ನಿನ್ನ ತಾಯಿ ನಿನಗೆ ಪಿತ್ತವನ್ನೇ ಕುಡಿಸಿ ಬೆಳೆಸಿದಳು, ಊರಿಗಾದರೂ ಹೋಗೋಣ, ಎಂದು. ಎದುರಾಡದ ಆಳು ಎಂಬ ಅರ್ಥ ಇಂಗ್ಲಿಷಿನಲ್ಲಿ ಬೆಳೆದದ್ದು, ಹೋಮರನದಲ್ಲ. ಅಲ್ಲಿ 'ಮಿರ್ಮಿಡನ್ನರು' ಎಂದಷ್ಟೇ ಇಟ್ಟರೆ ಸಾಕು.