ಪದಚರ್ಚೆ: ‘ರಿಡಂಡೆಂಟ್ ಕೋಲನ್’ಗೆ ಕನ್ನಡದಲ್ಲಿ ಏನನ್ನೋಣ?

ಎಲ್ಲರಿಗೂ ನಮಸ್ಕಾರ.

ಸ್ಕ್ಯಾನಿಂಗ್ ಅಥವಾ ಕೊಲೊನೋಸ್ಕೋಪಿ ವರದಿಯಲ್ಲಿ ‘ರಿಡಂಡೆಂಟ್ ಸಿಗ್ಮಾಯ್ಡ್ ಕೋಲನ್’ (ದೊಡ್ಡ ಕರುಳಿನ ಕೊನೆಯ ಕಡೆಯ ಭಾಗ ಮಾಮೂಲಿಗಿಂತ ಉದ್ದ) ಅಂತ ಬಂದವರ ಕೈಗೆ ಕೊಡಲು ಎರಡು ಪುಟದ ಕನ್ನಡ ಕರಪತ್ರ ತಯಾರಾಗುತ್ತಿದೆ. ಓದುವವರು ಹಾಸನ, ಅರಕಲಗೂಡು, ಬೇಲೂರು ಕಡೆಯವರು. ಕರಡಿನಲ್ಲಿ ಮೊದಲು ‘ಅನಗತ್ಯ ಕರುಳು’ ಅಂತಿತ್ತು, ಆಮೇಲೆ ಯಾರೋ ‘ಹೆಚ್ಚುವರಿ ಕರುಳು’ ಅಂತ ತಿದ್ದಿದ್ದಾರೆ. ಎರಡೂ ಸರಿ ಕಾಣುತ್ತಿಲ್ಲ. ‘ನಿಡುಗರುಳು’ ನಡೆದೀತೆ? ಕಾನ್‌ಸ್ಟಿಪೇಶನ್, ಲ್ಯಾಕ್ಸೆಟಿವ್ (ಮಲ ಸಲೀಸಾಗಿ ಹೋಗಲು ಕೊಡುವ ಔಷಧ), ಸಪೊಸಿಟರಿ (ಗುದದೊಳಗೆ ಇಡುವ ಔಷಧ) ಇವಕ್ಕೂ ಬಾಯಲ್ಲಿ ಓಡಾಡುವ ಮಾತು ಬೇಕು. ಅಳತೆಯ ಜಾಗದಲ್ಲಿ ‘ಇಸಬ್‌ಗೋಲ್ ಒಂದು ಚಮಚ, ನೀರು ಒಂದು ಲೋಟ’ ಅಂತಷ್ಟೇ ಇದೆ, ಸಾಕೆ?

— ಹಾಸನದಿಂದ

* * *

ಸಾರ್, ನಮಸ್ಕಾರ.

‘ಅನಗತ್ಯ’ವನ್ನು ಮೊದಲು ಹೊಡೆದುಹಾಕಿ. ಬೇಡದ ಕರುಳು ಅಂದಮೇಲೆ ‘ಹಾಗಾದ್ರೆ ಕೊಯ್ದು ತೆಗೆದುಬಿಡಿ’ ಅನ್ನುವುದೇ ಓದಿದವರ ಮುಂದಿನ ಮಾತು. ‘ಹೆಚ್ಚುವರಿ’ ಅಂದರೆ ಇದ್ದದ್ದರ ಪಕ್ಕದಲ್ಲಿ ಇನ್ನೊಂದು ಬೆಳೆದಿದೆ ಅಂತ ಗಾಬರಿ ಬೀಳುತ್ತಾರೆ. ಇರುವ ಸಂಗತಿ ಇಷ್ಟೆ: ದೊಡ್ಡ ಕರುಳು ಸಾಮಾನ್ಯವಾಗಿ ಒಂದೂವರೆ ಮೀಟರ್, ಅಂದರೆ ಐದಡಿಯ ಆಸುಪಾಸು. ಕೆಲವರಲ್ಲಿ ಅದು ಇನ್ನೂ ಉದ್ದವಾಗಿ, ಹೊಟ್ಟೆಯ ಜಾಗಕ್ಕೆ ಹೊಂದಿಕೊಳ್ಳಲು ಒಂದೆರಡು ಸುತ್ತು ಜಾಸ್ತಿ ಹೊಡೆದಿರುತ್ತದೆ. ಇಂಥವರಲ್ಲಿ ಎಷ್ಟೋ ಜನಕ್ಕೆ ಏನೂ ತೊಂದರೆ ಇರುವುದಿಲ್ಲ.

‘ನಿಡುಗರುಳು’ ಸಂಧಿ ಲೆಕ್ಕದಲ್ಲಿ ಸರಿಯಾಗೇ ಇದೆ, ನಿಡುಗಾಲದ ಹಾಗೆ. ನಿಘಂಟಿಗೆ ಸೇರಲಿ. ಆದರೆ ಅರಕಲಗೂಡಿನ ಅಜ್ಜಿಗೆ ಅದನ್ನು ಬಿಡಿಸಿ ಹೇಳಲು ಇನ್ನೊಂದು ವಾಕ್ಯ ಬೇಕು. ಆ ವಾಕ್ಯವನ್ನೇ ನೇರವಾಗಿ ಹಾಕಿ: ‘ನಿಮ್ಮ ದೊಡ್ಡ ಕರುಳು ಮಾಮೂಲಿಗಿಂತ ಉದ್ದ ಇದೆ, ಸುತ್ತು ಜಾಸ್ತಿ.’ ‘ದೊಡ್ಡ’ವನ್ನು ಎಲ್ಲೂ ಬಿಡಬೇಡಿ. ಬರೀ ಕರುಳು ಅಂದರೆ ನಮ್ಮಲ್ಲಿ ಹೊಟ್ಟೆಗಿಂತ ಮೊದಲು ಮಮತೆಯೇ ನೆನಪಾಗುವುದು.

ಮಲಬದ್ಧತೆ ಪತ್ರಿಕೆ ಓದುವವರಿಗೆಲ್ಲ ಗೊತ್ತು, ಶೀರ್ಷಿಕೆಗೆ ಅದೇ ಇರಲಿ. ಒಳಗಿನ ಮಾತಿಗೆ ‘ಹೊಟ್ಟೆ ಕಟ್ಟಿದೆ’ ಸಾಲದು, ಗ್ಯಾಸ್ ತುಂಬಿದರೂ ಹಾಗೇ ಅನ್ನುತ್ತಾರೆ. ‘ಹೊರಗಡೆ ಆಗ್ತಿಲ್ಲ’ ಅಂತ ಬರೆಯಲೇಬೇಡಿ: ಹೊರಗಾಗುವುದು ಅಂದರೆ ಹೆಂಗಸರಿಗೆ ಮುಟ್ಟು. ‘ಎರಡಕ್ಕೆ ಹೋಗೋದು’ ಎಲ್ಲರಿಗೂ ತಿಳಿಯುತ್ತದೆ, ಯಾರಿಗೂ ಮುಜುಗರವಿಲ್ಲ. ಲಕ್ಷಣಗಳನ್ನು ಹೀಗೆ ಬರೆಯಬಹುದು: ವಾರಕ್ಕೆ ಮೂರು ಸಲಕ್ಕಿಂತ ಕಮ್ಮಿ, ತಿಣುಕಬೇಕಾಗುವುದು, ಹೋಗಿ ಬಂದರೂ ಒಳಗೆ ಉಳಿದಿದೆ ಅನ್ನಿಸುವುದು, ಆಡಿನ ಹಿಕ್ಕೆಯಂತೆ ಉಂಡೆಯುಂಡೆಯಾಗಿ ಬರುವುದು. ಮಲದ ರೂಪವನ್ನು ವಿಂಗಡಿಸುವ 1997ರ ಬ್ರಿಸ್ಟಲ್ ಪಟ್ಟಿಯ ಏಳು ಬಗೆಗಳಲ್ಲಿ ಈ ಹಿಕ್ಕೆಯೇ ಮೊದಲನೆಯದು. ಮೂರು, ನಾಲ್ಕನೆಯ ಬಗೆ ನಮಗೆ ಬೇಕಾದದ್ದು. ದಿನಾ ಆಗಲೇಬೇಕು ಅಂತಿಲ್ಲ ಎನ್ನುವುದನ್ನೂ ಸೇರಿಸಿ; ದಿನಾ ಆಗಲಿಲ್ಲ ಅಂತಲೇ ಮಾತ್ರೆ ನುಂಗುವವರು ಬೇಕಾದಷ್ಟಿದ್ದಾರೆ.

ನಿಜವಾಗಿ ಎಡವುವ ಜಾಗ ‘ಭೇದಿ’. ನಮ್ಮ ಕಡೆ ಭೇದಿ ಮಾತ್ರೆ ಅಂದರೆ ಭೇದಿ ಆಗುವಂತೆ ಮಾಡುವ ಮಾತ್ರೆಯೂ ಹೌದು, ಭೇದಿ ನಿಲ್ಲಿಸುವ ಮಾತ್ರೆಯೂ ಹೌದು. ಮೆಡಿಕಲ್ ಶಾಪಿನಲ್ಲಿ ‘ಭೇದಿಗೆ ಮಾತ್ರೆ ಕೊಡಿ’ ಅಂದರೆ ಲೋಪೆರಮೈಡ್ ಕೈಗೆ ಬರಬಹುದು. ಅದು ಕರುಳಿನ ಚಲನೆಯನ್ನು ನಿಧಾನ ಮಾಡುವ ಔಷಧ, ಕಟ್ಟಿದ್ದು ಇನ್ನೂ ಕಟ್ಟುತ್ತದೆ. ಇದರ ಮೇಲೆ ಇನ್ನೊಂದು ತೊಡಕಿದೆ. ಗಟ್ಟಿ ಮಲ ಕೆಳಗೆ ಅಡ್ಡ ನಿಂತಾಗ ಮೇಲಿನ ನೀರುಮಲ ಪಕ್ಕದಿಂದ ಜಾರಿ ಬಟ್ಟೆಗಾಗುತ್ತದೆ. ಹಾಸಿಗೆ ಹಿಡಿದ ಹಿರಿಯರಲ್ಲಿ ಇದು ಅಪರೂಪವೇನಲ್ಲ. ಮನೆಯವರು ‘ಭೇದಿ ಶುರುವಾಗಿದೆ’ ಅಂತ ನಿಲ್ಲಿಸುವ ಮಾತ್ರೆ ಕೊಡುತ್ತಾರೆ. ನಾಲ್ಕೈದು ದಿನ ಸರಿಯಾಗಿ ಆಗದೆ, ಆಮೇಲೆ ನೀರುನೀರಾಗಿ ಸೋರಿದರೆ ಅದನ್ನು ಭೇದಿ ಅಂತ ತಿಳಿಯಬಾರದು, ಡಾಕ್ಟರು ಬೆರಳು ಹಾಕಿ ಪರೀಕ್ಷಿಸಬೇಕು. ಈ ಸಾಲು ಕರಪತ್ರದಲ್ಲಿ ದಪ್ಪಕ್ಷರದಲ್ಲಿರಲಿ.

ಲ್ಯಾಕ್ಸೆಟಿವ್‌ಗೆ ‘ವಿರೇಚಕ’ ಪುಸ್ತಕದ ಮಾತು. ‘ಜುಲಾಬು’ ಅಂದರೆ ಒಂದೇ ಸಲಕ್ಕೆ ಹೊಟ್ಟೆ ತೊಳೆಯುವುದು, ಇಲ್ಲಿ ಬೇಕಾದದ್ದು ಅದಲ್ಲ. ಒಂದೇ ಪದ ಬೇಕು ಅಂತ ಹಟ ಹಿಡಿಯದೆ ಔಷಧದ ಕೆಲಸದ ಮೇಲೆ ಮೂರು ಹೆಸರಿಡಿ.

‘ಮಲ ಮೆತ್ತಗೆ ಮಾಡುವ ಔಷಧ’: ಲ್ಯಾಕ್ಟುಲೋಸ್ ದಿನಕ್ಕೆ 15ರಿಂದ 30 ಮಿ.ಲೀ., ಅಥವಾ ಪಾಲಿಎಥಿಲೀನ್ ಗ್ಲೈಕಾಲ್ ಪುಡಿ 17 ಗ್ರಾಂ, ಕಾಲು ಲೀಟರ್ ನೀರಿನಲ್ಲಿ. ಕರುಳು ಉದ್ದವಾದಷ್ಟೂ ಮಲ ಒಳಗೆ ಹೆಚ್ಚು ಹೊತ್ತು ನಿಲ್ಲಬಹುದು, ನಿಂತಷ್ಟೂ ನೀರು ಹೀರಿಹೋಗಿ ಗಟ್ಟಿಯಾಗುತ್ತದೆ. ಇವು ನೀರನ್ನು ಮಲದಲ್ಲೇ ಉಳಿಸುವುದರಿಂದ ಸಾಮಾನ್ಯವಾಗಿ ಇವುಗಳಿಂದಲೇ ಶುರುಮಾಡುತ್ತಾರೆ. ಕೆಲಸಕ್ಕೆ ಒಂದರಿಂದ ಮೂರು ದಿನ ಬೇಕು ಅಂತ ಬರೆಯದಿದ್ದರೆ ಒಂದು ರಾತ್ರಿ ಕುಡಿದು ‘ಇದು ಹಿಡಿಯಲ್ಲ’ ಅಂತ ಬಿಟ್ಟುಬಿಡುತ್ತಾರೆ.

‘ಕರುಳು ಚುರುಕು ಮಾಡುವ ಮಾತ್ರೆ’: ಬಿಸಾಕೊಡಿಲ್ 5 ಮಿ.ಗ್ರಾಂ., ಸೋನಾಮುಖಿಯೂ ಇದೇ ಗುಂಪು. ಬಿಸಾಕೊಡಿಲ್ ರಾತ್ರಿ ತಗೊಂಡರೆ 6ರಿಂದ 12 ಗಂಟೆಯಲ್ಲಿ ಕೆಲಸ ಮಾಡುತ್ತದೆ. ನಮ್ಮಲ್ಲಿ ಮಲಗುವಾಗ ಹಾಲಿನ ಜತೆ ಮಾತ್ರೆ ನುಂಗುವ ರೂಢಿ ಇದೆಯಲ್ಲ, ಅದು ಇಲ್ಲಿ ಕೆಡಿಸುತ್ತದೆ. ಹಾಲು ಅಥವಾ ಅಸಿಡಿಟಿ ಸಿರಪ್ ಜತೆ ಹೋದರೆ ಮಾತ್ರೆಯ ಮೇಲಿನ ಲೇಪ ಜಠರದಲ್ಲೇ ಕರಗಿ ಹೊಟ್ಟೆ ನುಲಿಯುತ್ತದೆ. ಒಂದು ಗಂಟೆ ಅಂತರ ಇರಲಿ, ಜಗಿಯಬಾರದು, ಪುಡಿ ಮಾಡಬಾರದು.

ಇಸಬ್‌ಗೋಲ್‌ಗೆ ‘ಹೊಟ್ಟು’ ಅಂದರೆ ಸಾಕು, ಅದು ಹೊಟ್ಟೇ ತಾನೆ. ನಿಮ್ಮ ಅಳತೆ ಮಾತ್ರ ಸಾಲದು. ಹಾಸನದಲ್ಲಿ ಲೋಟ ಅಂದರೆ ಕಾಫಿ ಲೋಟ, ನೂರು ಮಿ.ಲೀ. ಹಿಡಿದರೆ ಹೆಚ್ಚು. ಅಷ್ಟು ನೀರಿಗೆ ಹೊಟ್ಟು ಗಂಟಲಲ್ಲೇ ಅಂಟಾಗಿ ಸಿಕ್ಕಿಕೊಳ್ಳಬಹುದು. ‘ಒಂದು ಟೀ ಚಮಚ, ಕಾಲು ಲೀಟರ್ ನೀರು, ಕಲಸಿದ ತಕ್ಷಣ ಕುಡಿಯಿರಿ, ಮೇಲೆ ಇನ್ನಷ್ಟು ನೀರು, ಕುಡಿದ ಕೂಡಲೇ ಮಲಗಬೇಡಿ’ ಅಂತ ಬಿಡಿಸಿ ಬರೆಯಿರಿ. ಬೇರೆ ಮಾತ್ರೆಗಳಿಗೂ ಇದಕ್ಕೂ ಎರಡು ಗಂಟೆ ಅಂತರ. ಕರುಳು ಆಗಲೇ ತುಂಬಿ ಕೂತಿರುವಾಗ ಹೊಟ್ಟು, ನಾರು ಜಾಸ್ತಿ ಮಾಡಿದರೆ ಉಬ್ಬರವೇ ಲಾಭ. ಮೊದಲು ಖಾಲಿಯಾಗಲಿ, ಆಮೇಲೆ ನಿಧಾನಕ್ಕೆ ಏರಿಸಿ ದಿನಕ್ಕೆ 25–30 ಗ್ರಾಂ ನಾರಿಗೆ ತರಬಹುದು. ನಾರು ಅಂದರೆ ನುಗ್ಗೆಕಾಯಿ ಸಿಪ್ಪೆ ಅಂದುಕೊಂಡವರಿದ್ದಾರೆ. ನೂರು ಗ್ರಾಂ ರಾಗಿಯಲ್ಲಿ ಸುಮಾರು 11 ಗ್ರಾಂ, ಪಾಲಿಷ್ ಅಕ್ಕಿಯಲ್ಲಿ ಮೂರರೊಳಗೆ. ಮುದ್ದೆ, ಹುರುಳಿ, ಸೊಪ್ಪಿನ ಬಸ್ಸಾರು ನಿಮ್ಮ ಕಡೆ ಇದ್ದೇ ಇದೆ. ಕಡುಬು, ಅಕ್ಕಿರೊಟ್ಟಿಯ ನಮ್ಮ ಮಲೆನಾಡಿಗೇ ಇದನ್ನು ಒತ್ತಿ ಹೇಳಬೇಕಾದದ್ದು.

ಕೂರುವ ಭಂಗಿಗೆ ‘ಕುಕ್ಕುರುಗಾಲು’ ಅನ್ನುವ ಒಳ್ಳೆ ಮಾತಿದೆ. ಕಮೋಡಿನವರು ಕಾಲ ಕೆಳಗೆ ಅರ್ಧ ಅಡಿಯಿಂದ ಮುಕ್ಕಾಲು ಅಡಿಯ ಮಣೆ ಇಟ್ಟು ಸ್ವಲ್ಪ ಮುಂದೆ ಬಾಗಲಿ. ತಿಂಡಿ ಕಾಫಿ ಆದ ಅರ್ಧ ಗಂಟೆಯೊಳಗೆ ಹೋಗಿ, ಹತ್ತು ನಿಮಿಷ ಮೀರದಂತೆ, ಮೊಬೈಲ್ ಹೊರಗಿಟ್ಟು ಕೂರಲಿ.

ವಾಲ್ವುಲಸ್‌ಗೆ ‘ಕರುಳು ತಿರುಚಿಕೊಳ್ಳೋದು’. ಉದ್ದ ಕರುಳಿನವರಿಗೆ ಈ ಭಯ ಸ್ವಲ್ಪ ಹೆಚ್ಚು. ಹೊಟ್ಟೆ ದಿಢೀರನೆ ಬಿಗಿದು ಉಬ್ಬಿ, ನೋವು, ವಾಂತಿ, ಗಾಳಿಯೂ ಹೋಗದಿದ್ದರೆ ಯಾವ ಔಷಧವನ್ನೂ ಕೊಡದೆ ನೇರ ಆಸ್ಪತ್ರೆಗೆ. ಮಲದಲ್ಲಿ ರಕ್ತ, ಕಾರಣವಿಲ್ಲದೆ ತೂಕ ಇಳಿಯುವುದು, ಇವನ್ನೂ ಅದರ ಕೆಳಗೇ ಹಾಕಿ.

— ಚಿಕ್ಕಮಗಳೂರಿನಿಂದ

* * *

ಮೇಡಂ, ‘ಭೇದಿ’ಯನ್ನು ಎಲ್ಲ ಕಡೆ ಒಡೆದು ಬರೆಯುತ್ತೇವೆ. ಸಪೊಸಿಟರಿಗೆ ‘ಗುದದ ಮಾತ್ರೆ’ ಅಂದರೆ ಆದೀತೆ? ಮಲ ಗಟ್ಟಿ ಮಾಡುವ ಮಾತ್ರೆಗಳ ಪಟ್ಟಿಯಲ್ಲಿ ‘ಕಬ್ಬಿಣಾಂಶ’ ಅಂತಿದೆ.

— ಹಾಸನದಿಂದ

* * *

ಮಾತ್ರೆ ಅಂದ ಕೂಡಲೇ ಬಾಯಿಗೆ ಹಾಕುತ್ತಾರೆ ಸಾರ್. ‘ಹಿಂದುಗಡೆ ಇಡುವ ಬತ್ತಿ, ನುಂಗಬಾರದು’ ಅಂತ ಬರೆಯಿರಿ. ಗ್ಲಿಸರಿನ್ ಬತ್ತಿಯಾದರೆ 15ರಿಂದ 60 ನಿಮಿಷದಲ್ಲಿ ಕೆಲಸ, ಪೂರ್ತಿ ಒಳಗೆ ಹೋಗಬೇಕು. ಕಬ್ಬಿಣಾಂಶಕ್ಕೆ ‘ರಕ್ತದ ಮಾತ್ರೆ’ ಅನ್ನಿ, ಬಸುರಿಯರಿಗೆ ಕೊಡುವುದನ್ನು ಹಾಗೇ ಕರೆಯುವುದು. ಕ್ಯಾಲ್ಸಿಯಂ, ವೆರಾಪಮಿಲ್‌ನಂಥ ಕೆಲವು ಬಿಪಿ ಮಾತ್ರೆ, ನೋವಿಗೆ ಕೊಡುವ ಟ್ರಮಡಾಲ್, ಕೊಡೀನ್ ಇರುವ ಕೆಮ್ಮಿನ ಸಿರಪ್ ಇವನ್ನೂ ಸೇರಿಸಿ. ಪಟ್ಟಿಯ ತಲೆಯಲ್ಲೇ ‘ನೀವಾಗೇ ನಿಲ್ಲಿಸಬೇಡಿ, ಬರೆದುಕೊಟ್ಟ ಡಾಕ್ಟರಿಗೆ ತೋರಿಸಿ’ ಅನ್ನುವ ಸಾಲಿರಲಿ.

— ಚಿಕ್ಕಮಗಳೂರಿನಿಂದ